ಸಂಚಿಯ ಹೊನ್ನಮ್ಮನಿಗೆ ಉಡುಗೆ

ಯಳಂದೂರಿನ ಹೆಸರನ್ನು ಕನ್ನಡ ಸಾಹಿತ್ಯದಲ್ಲಿ ನಿಲ್ಲಿಸಿದವಳು ಅರಮನೆಯ ಊಳಿಗದ ಹೆಣ್ಣುಮಗಳೊಬ್ಬಳು. 1673ರಿಂದ 1704ರವರೆಗೆ ಮೈಸೂರು ಸೀಮೆಯನ್ನಾಳಿದ ಚಿಕ್ಕದೇವರಾಜ ಒಡೆಯರ ರಾಣಿವಾಸದಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಕೆಲಸ ಈಕೆಯದಾಗಿದ್ದುದರಿಂದ ಸಂಚಿಯ ಹೊನ್ನಮ್ಮನೆಂದೇ ಪ್ರಸಿದ್ಧಳಾದಳು. ಅಳಸಿಂಗರಾರ್ಯರ ಶಿಷ್ಯಳಾಗಿ ವಿದ್ಯೆ ಕಲಿತು, ‘ಹದಿಬದೆಯ ಧರ್ಮ’ವೆಂಬ ಕಾವ್ಯವನ್ನು ಸಾಂಗತ್ಯದಲ್ಲಿ ರಚಿಸಿದಳು. ಈಕೆಯನ್ನು ಕಣ್ಣಾರೆ ಕಂಡು ಬರೆದ ಚಿತ್ರವೊಂದೂ ನಮಗೆ ದೊರೆತಿಲ್ಲ. ಆದಕಾರಣ ಪುಸ್ತಕಗಳಿಗೆ ಚಿತ್ರ ಬರೆಯುವವರು ತಮಗೆ ಪರಿಚಿತವಾದ ಉಡುಗೆಯನ್ನೇ ಈಕೆಗೂ ಉಡಿಸುವ ಸಂಭವವುಂಟು: ಜರತಾರಿ ಅಂಚಿನ ರೇಷ್ಮೆ ಸೀರೆ, ಎಡಭುಜದಿಂದ ಇಳಿಬಿಟ್ಟ ಸೆರಗು, ಬುಗ್ಗೆತೋಳಿನ ರವಿಕೆ. ಹಾಗೆ ಉಡಿಸಿದರೆ ನೋಡುವವರಿಗೆ ರಾಣಿಯೊಬ್ಬಳು ಕಾಣುವಳೇ ಹೊರತು, ರಾಣಿಯ ಪಕ್ಕದಲ್ಲಿ ನಿಂತು ಕಾವ್ಯ ಕಟ್ಟಿದ ಊಳಿಗದವಳು ಕಾಣಳು. ಆಕೆಯ ಹಿರಿಮೆಯ ಅರ್ಧಭಾಗ ಆಕೆ ನಿಂತಿದ್ದ ಸ್ಥಳದಲ್ಲಿಯೇ ಇದೆಯೆಂದು ನನ್ನ ಎಣಿಕೆ.

ಐತಿಹಾಸಿಕ ವ್ಯಕ್ತಿಗಳ ಪ್ರತಿಮೆಯನ್ನು ಗಣಕಯಂತ್ರದಲ್ಲಿ ಕಡೆದು, ಅದರಿಂದ ಪುಸ್ತಕಕ್ಕೆ ಬೇಕಾದ ಚಿತ್ರವನ್ನು ತೆಗೆಯುವ ವಿದ್ಯೆಯೊಂದು ಈಗ ಬಳಕೆಯಲ್ಲಿದೆ. ಮಗಳು ಇರುಳೆಲ್ಲ ಗಣಕಯಂತ್ರದ ಮುಂದೆ ಕುಳಿತು ಪರದೆಯ ಮೇಲಿನ ಗೊಂಬೆಯೊಂದನ್ನು ತಿರುಗಿಸುತ್ತಿದ್ದರೆ, ಅದು ಆಟವೋ ಅಭ್ಯಾಸವೋ ತಾಯ್ತಂದೆಗಳಿಗೆ ತಿಳಿಯುವುದು ಕಷ್ಟ. ಅಂಥವರಿಗಾಗಿ ಈ ವಿದ್ಯೆಯ ಕ್ರಮವನ್ನು ಹೊನ್ನಮ್ಮನ ಪ್ರತಿಮೆಯನ್ನೇ ನಿದರ್ಶನವಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗುವುದು.

ಕುಂಬಾರನು ಜೇಡಿಮಣ್ಣಿನ ಮುದ್ದೆಯನ್ನು ಒತ್ತಿ, ಎಳೆದು, ಕೆರೆದು ರೂಪಕ್ಕೆ ತರುವಂತೆ ಇಲ್ಲಿಯೂ ಒಂದು ಮುದ್ದೆಯಿಂದಲೇ ಆರಂಭ. ಆದರೆ ಈ ಮುದ್ದೆಗೆ ಒಳತಿರುಳಿಲ್ಲ. ಅದು ಮೀನಿನ ಬಲೆಯಂತೆ ಚಿಕ್ಕ ಚಿಕ್ಕ ಕಣ್ಣುಗಳಿಂದಾದ ಹೊರಮೈ ಮಾತ್ರ. ಒತ್ತಡವನ್ನು ಅರಿಯುವ ಲೇಖನಿಯೊಂದನ್ನು ಹಲಗೆಯ ಮೇಲೆ ಆಡಿಸಿದಂತೆ ಪರದೆಯ ಮೇಲೆ ಈ ಮೈಯು ಉಬ್ಬುವುದು, ತಗ್ಗುವುದು, ನಯವಾಗುವುದು. ಬ್ಲೆಂಡರ್ ಎಂಬ ಸಾಧನವು ಬೆಲೆಯಿಲ್ಲದೆ ಯಾರಿಗೂ ದೊರೆಯತಕ್ಕದ್ದು. ಝಡ್‌ಬ್ರಷ್ ಎಂಬುದು ಬೆಲೆಯುಳ್ಳದ್ದು, ಈ ಕೆಲಸಕ್ಕಾಗಿಯೇ ಹೆಸರಾದದ್ದು. ಕಲಿಯುವವರಿಗೆ ಮೊದಲನೆಯದೇ ಸಾಕು. ಬಲೆಯನ್ನು ಒಂದು ಸಲ ಒಡೆದರೆ ಒಂದೊಂದು ಕಣ್ಣೂ ನಾಲ್ಕಾಗುವುದು. 5,000 ಕಣ್ಣುಗಳ ಬಲೆ ನಾಲ್ಕು ಸಲ ಒಡೆಯುವಷ್ಟರಲ್ಲಿ 12,80,000 ಕಣ್ಣುಗಳದಾಗುವುದು. ಕಣ್ಣುಗಳು ಹೆಚ್ಚಿದಷ್ಟೂ ಸೂಕ್ಷ್ಮವಾದ ಕೆಲಸ ಸಾಧ್ಯ. ಆದರೆ ದೊಡ್ಡ ತಿದ್ದುಪಾಟು ಅಷ್ಟಷ್ಟು ಕಠಿನ. ಮೊದಲ ದಿನವೇ ಕಣ್ಣಿನ ರೆಪ್ಪೆಯನ್ನು ಕಡೆಯ ಹೊರಟವರ ಪ್ರತಿಮೆಯಲ್ಲಿ ರೆಪ್ಪೆ ಮಾತ್ರ ಚೆನ್ನಾಗಿದ್ದು ನಿಲುವು ಕೆಟ್ಟಿರುವುದು ಸಾಮಾನ್ಯ. ನಿಲುವು ಮೊದಲು, ಆಮೇಲೆ ಅಂಗಾಂಗಗಳು, ಆಮೇಲೆ ಬಟ್ಟೆ, ಒಡವೆ ಕಟ್ಟಕಡೆಗೆ.

ಚಿತ್ರವೇ ಗುರಿಯಾಗಿರುವಾಗ ನೇರವಾಗಿ ಕಾಗದದ ಮೇಲೆ ಬರೆಯಬಾರದೇಕೆ? ಒಮ್ಮೆ ಕಡೆದ ಪ್ರತಿಮೆಯನ್ನು ಹತ್ತು ದಿಕ್ಕಿನಿಂದ ನೋಡಿ, ಹಗಲಿನ ಬೆಳಕಿನಲ್ಲಿಯೂ ದೀಪದ ಬೆಳಕಿನಲ್ಲಿಯೂ ಹತ್ತು ಚಿತ್ರ ತೆಗೆಯಬಹುದೆಂಬುದು ಒಂದು ಉತ್ತರ. ಇನ್ನೊಂದು ಉತ್ತರವೇ ನನಗೆ ಮುಖ್ಯವಾಗಿ ತೋರುವುದು. ಕಾಗದದ ಮೇಲೆ ಬರೆಯುವವನು ತನಗೆ ತಿಳಿಯದ ಭಾಗವನ್ನು ನೆರಳಿನಲ್ಲಿ ಮುಚ್ಚಬಲ್ಲನು. ಸೆರಗು ಬೆನ್ನ ಹಿಂದೆ ಹೋಗಿ ಏನಾಯಿತೆಂದು ಅವನನ್ನು ಯಾರೂ ಕೇಳರು. ಪ್ರತಿಮೆಯಾದರೋ ತಿರುಗುತ್ತದೆ. ಬೆನ್ನ ಹಿಂದೆ ಸೆರಗು ಎಲ್ಲಿ ಸಿಕ್ಕಿಕೊಂಡಿದೆ, ತುರುಬನ್ನು ಯಾವುದರಿಂದ ಕಟ್ಟಿದೆ, ಕುಪ್ಪಸದ ಗಂಟು ಮುಂದಿದೆಯೋ ಹಿಂದಿದೆಯೋ, ಇವೆಲ್ಲಕ್ಕೂ ಕಡೆಯುವವಳು ಉತ್ತರ ಕೊಟ್ಟೇ ತೀರಬೇಕು. ಉತ್ತರಕ್ಕಾಗಿ ಸಾಕ್ಷ್ಯವನ್ನು ಹುಡುಕಬೇಕು.

ಸಾಕ್ಷ್ಯಕ್ಕೆ ದೂರ ಹೋಗಬೇಕಾಗಿಲ್ಲವೆಂದು ಮೊದಲು ತೋರುವುದು. ಯಳಂದೂರಿನ ಗೌರೀಶ್ವರ ದೇವಾಲಯದ ಮುಂದಿನ ಬಳೆ ಮಂಟಪವು 1654ರ ಸುಮಾರಿಗೆ ಹದಿನಾಡಿನ ಪ್ರಭುವಾದ ಮುದ್ದುರಾಜನಿಂದ ಕಟ್ಟಲ್ಪಟ್ಟಿತು; ಅಂದರೆ ಹೊನ್ನಮ್ಮನು ಹುಡುಗಿಯಾಗಿದ್ದಾಗ ಅದು ಇನ್ನೂ ಹೊಸದು. ಮೂಲೆಗಳಿಂದ ಕಲ್ಲಿನ ಬಳೆಗಳ ಸರಪಣಿಗಳನ್ನು ಇಳಿಬಿಟ್ಟಿದ್ದರಿಂದ ಅದಕ್ಕೆ ಆ ಹೆಸರು. ಗೋಡೆಯ ತುಂಬ ಶಿವಲೀಲೆಗಳ, ಪುರಾಣಕಥೆಗಳ ವಿಗ್ರಹಗಳುಂಟು. ಇಂಥ ಶಿಲ್ಪವನ್ನು ಸುತ್ತಲಿಂದಲೂ ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ನೂರಾರು ಛಾಯಾಚಿತ್ರಗಳಲ್ಲಿ ತೆಗೆದರೆ, ಗಣಕಯಂತ್ರವು ಅವುಗಳನ್ನು ಹೋಲಿಸಿ ಆ ಕಲ್ಲಿನ ರೂಪವನ್ನೇ ಬಲೆಯಾಗಿ ಕಟ್ಟಿಕೊಡಬಲ್ಲುದು. ಅಪ್ಪಣೆ ಪಡೆದು, ಕಲ್ಲನ್ನು ಮುಟ್ಟದೆ, ಮೋಡ ಕವಿದ ದಿನ ತೆಗೆಯುವುದೊಳ್ಳೆಯದು. ಬಿಸಿಲಿನ ಗಾಢ ನೆರಳು ಯಂತ್ರವನ್ನು ಮೋಸಗೊಳಿಸುವುದು.

ಆದರೆ ಕಲ್ಲು ಹೇಳುವುದನ್ನೆಲ್ಲ ನಂಬತಕ್ಕದ್ದಲ್ಲ. ಶಿಲ್ಪಿಯು ಕಡೆದದ್ದು ದೇವತೆಗಳನ್ನು, ಶಾಸ್ತ್ರದಲ್ಲಿ ಹೇಳಿದ ಲಕ್ಷಣಗಳಂತೆ. ತನ್ನ ಬೀದಿಯಲ್ಲಿ ನೀರು ಹೊತ್ತು ಹೋಗುತ್ತಿದ್ದವರನ್ನಲ್ಲ. ದೇವಿಯ ಕಿರೀಟವನ್ನೂ ಬರಿಯ ಎದೆಯ ಮೇಲಿನ ಹಾರಗಳನ್ನೂ ನೋಡಿ ಅರಮನೆಯ ಊಳಿಗದವರು ಹೀಗಿದ್ದರೆಂದರೆ ನಗೆಗೀಡು. ಬಳೆಯ ದಪ್ಪ, ಓಲೆಯ ಆಕಾರ, ತುರುಬಿನ ಓರೆ, ಇಷ್ಟನ್ನು ಕಲ್ಲಿನಿಂದ ತೆಗೆದುಕೊಂಡು ಬಟ್ಟೆಗೆ ಬೇರೆ ಕಡೆ ಹೋಗುವುದು ಲೇಸು.

ಬಟ್ಟೆಯ ಸಾಕ್ಷ್ಯ ವರ್ಣಚಿತ್ರಗಳಲ್ಲಿದೆ. ನಮ್ಮ ಗಡಿಯಾಚೆ ಹಿಂದೂಪುರದ ಬಳಿಯ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ಅಂದರೆ 1530ರ ಆಸುಪಾಸಿನಲ್ಲಿ, ಛಾವಣಿಯ ಮೇಲೆ ಬರೆದ ಚಿತ್ರಗಳಿವೆ. ಪಾರ್ವತಿಯನ್ನು ಸಿಂಗರಿಸುವ ಸಖಿಯರು ಅಲ್ಲಿರುವರು. ಅವರ ಸೀರೆಗಳ ಮೇಲಿನ ಪಟ್ಟೆ, ಬುಟ್ಟಿ, ಅಂಚು ಇವನ್ನು ಚಿತ್ರಕಾರನು ಎಷ್ಟು ಪ್ರೀತಿಯಿಂದ ಬರೆದಿರುವನೆಂದರೆ ನೇಕಾರರು ನೋಡಿ ನೇಯಬಹುದು. ಇನ್ನೊಂದು ತುದಿಯಲ್ಲಿ, ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೈಸೂರು ಅರಮನೆಯ ಮೂವರು ಸ್ತ್ರೀಯರ ತೈಲಚಿತ್ರವಿದೆ. ಸಿಡುಬಿನ ಲಸಿಕೆಯ ಪ್ರಚಾರಕ್ಕಾಗಿ ರಾಣಿಯರು ಇದಕ್ಕೆ ನಿಂತರೆಂದು ಇತಿಹಾಸಜ್ಞರೊಬ್ಬರು ವಾದಿಸಿದ್ದಾರೆ. ಹೊನ್ನಮ್ಮನ ಕಾಲ ಸುಮಾರು 1680. ಈ ಎರಡಕ್ಕೂ ಹೆಚ್ಚು ಕಡಿಮೆ ನಡುವಣದು. ಎರಡು ತುದಿಗಳಲ್ಲಿಯೂ ಕಾಣುವುದನ್ನು ನಡುವಿನವಳಿಗೆ ಧೈರ್ಯವಾಗಿ ಕೊಡಬಹುದು. ಒಂದೇ ತುದಿಯಲ್ಲಿ ಕಾಣುವುದನ್ನು ಅನುಮಾನದಿಂದ ಕೊಡಬೇಕು. ಎರಡರಲ್ಲಿಯೂ ಇಲ್ಲದ್ದನ್ನು, ಅದು ಎಷ್ಟೇ ಅಂದವಾಗಿರಲಿ, ಕೊಡಬಾರದು. ಬುಗ್ಗೆತೋಳು ಈ ಮೂರನೆಯ ವರ್ಗಕ್ಕೆ ಸೇರಿದ್ದು.

(ಸಾಕ್ಷ್ಯದ ತೊಡಕಿಲ್ಲದೆ ಮೊದಲು ಕೈ ಪಳಗಿಸಿಕೊಳ್ಳಬೇಕೆಂಬವರಿಗೆ ಯಳಂದೂರಿನವರೇ ಆದ ಇನ್ನೊಬ್ಬರುಂಟು. 1807ರಲ್ಲಿ ಯಳಂದೂರನ್ನು ಜಹಗೀರಾಗಿ ಪಡೆದ ದಿವಾನ್ ಪೂರ್ಣಯ್ಯನವರನ್ನು ಇದೇ ಹಿಕಿಯು ಎದುರಿಗೆ ಕೂರಿಸಿಕೊಂಡು ಬರೆದಿರುವನು. ಮುಖವೂ ಉಡುಗೆಯೂ ಅಲ್ಲಿಯೇ ಇವೆ.)

ಈಗ ಸೀರೆಯ ಮಾತು. ಬಟ್ಟೆಯನ್ನು ಗಣಕಯಂತ್ರದಲ್ಲಿ ತಾನಾಗಿ ಬೀಳುವಂತೆ ಮಾಡುವ ಸಾಧನಗಳುಂಟು. ಮಾರ್ವೆಲಸ್ ಡಿಸೈನರ್ ಎಂಬುದು ಅವುಗಳಲ್ಲೊಂದು. ಆದರೆ ಇವು ದರ್ಜಿಯ ಬುದ್ಧಿಯವು: ತುಂಡುಗಳನ್ನು ಕತ್ತರಿಸಿ ಹೊಲಿದು ಅಂಗಿ ಮಾಡುವುದರಲ್ಲಿ ನಿಪುಣವಾದವು. ಕತ್ತರಿಯನ್ನೇ ಕಾಣದ, ಹೊಲಿಗೆಯೇ ಇಲ್ಲದ ಉದ್ದನೆಯ ಅರಿವೆಯೊಂದನ್ನು ಸುತ್ತಿ, ಮಡಿಸಿ, ಸಿಕ್ಕಿಸಿ ಉಡುವುದನ್ನು ಅವಕ್ಕೆ ಕಲಿಸಲು ತಾಳ್ಮೆ ಬೇಕು. ಸೊಂಟದ ಸುತ್ತ ಒಂದು ಸುತ್ತು ತಂದು ಅಲ್ಲಿ ಗುಂಡುಸೂಜಿ ಚುಚ್ಚಿದಂತೆ ಹಿಡಿದು, ನೆರಿಗೆಗಳನ್ನು ಒಂದೊಂದಾಗಿ ಮಡಿಸಿ ಮತ್ತೆ ಹಿಡಿದು, ಆಮೇಲೆ ಬಟ್ಟೆಯನ್ನು ಅದರ ಭಾರಕ್ಕೆ ಬಿಡಬೇಕು. ದಸರೆಯಲ್ಲಿ ಪಟ್ಟದ ಗೊಂಬೆಗಳಿಗೆ ಸೀರೆ ಉಡಿಸಿ ಅಭ್ಯಾಸವಾದವರಿಗೆ ಈ ಕೆಲಸ ಬೇಗ ಹಿಡಿಸುವುದು. ಉಳಿದವರು ನಿಜವಾದ ಸೀರೆಯನ್ನು ಕನ್ನಡಿಯ ಮುಂದೆ ಉಟ್ಟು ನೋಡಿಕೊಳ್ಳಲಿ. ಅದಕ್ಕಿಂತ ಒಳ್ಳೆಯ ಗುರುವಿಲ್ಲ.

ಬಟ್ಟೆಯು ದೇಹದ ಯಾವುದೋ ಒಂದೆಡೆಯಲ್ಲಿ ಆತುಕೊಂಡು ಅಲ್ಲಿಂದ ಇಳಿಯುವುದು. ಒಂದೇ ಬಿಂದುವಿನಿಂದ ಇಳಿದರೆ ಮಡಿಕೆಗಳು ಕೊಡೆಯ ಕಡ್ಡಿಗಳಂತೆ ಹರಡುವುವು. ಎರಡು ಬಿಂದುಗಳ ನಡುವೆ ಸಡಿಲವಾಗಿ ತೂಗಿದರೆ ತೊಟ್ಟಿಲಿನಂತೆ ಬಾಗುವುವು. ಮೊಣಕೈಯ ಒಳಮಗ್ಗುಲಲ್ಲಿ ಮುರಿದು ಅಂಕುಡೊಂಕಾಗುವುವು. ಸೊಂಟದಲ್ಲಿ ಸಿಕ್ಕಿಸಿದ ನೆರಿಗೆಯು ಮೇಲೆ ಒತ್ತಾಗಿದ್ದು ಕೆಳಗೆ ಬಿಚ್ಚಿಕೊಳ್ಳುವುದು. ಇಷ್ಟನ್ನು ಅರಿತವಳು ಮಡಿಕೆಯನ್ನು ಎಲ್ಲಿ ಬೇಕೆಂದರಲ್ಲಿ ಗೀರುವುದಿಲ್ಲ. ಒಳಲಂಗದ ಮೇಲೆ ಸೀರೆಯನ್ನು ಸಿಕ್ಕಿಸಿ, ಸೆರಗನ್ನು ಎಡಭುಜದ ಮೇಲೆ ಹಾಯಿಸುವ ಇಂದಿನ ಕ್ರಮವು 19ನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಹರಡಿದ್ದು. ಒಳಲಂಗವಿಲ್ಲದೆ ಉಡುವಾಗ ಬಟ್ಟೆಯನ್ನು ನಡುವಿಗೇ ಬಿಗಿದು ಗಂಟಿಕ್ಕಬೇಕಾದ್ದರಿಂದ, ಸೊಂಟದಲ್ಲಿ ಬಟ್ಟೆ ದಪ್ಪವಾಗಿ ಸುತ್ತಿಕೊಂಡು, ಅಂಚು ಕಣಕಾಲಿನ ಮೇಲಕ್ಕೇ ನಿಲ್ಲುವುದು. ಈ ದಪ್ಪವನ್ನು ಕಡೆಯದೆ ಇಂದಿನವರ ಸಪಾಟಾದ ನಡುವನ್ನು ಕಡೆದರೆ, ಉಳಿದುದೆಲ್ಲ ಸರಿಯಾಗಿದ್ದರೂ ಪ್ರತಿಮೆ ನಮ್ಮ ಕಾಲದ ವೇಷಧಾರಿಯಾಗುವುದು.

ಕೊಳ್ಳೇಗಾಲದವರಿಗೆ ಇಲ್ಲೊಂದು ಕಹಿಯಾದ ಮಾತನ್ನು ಹೇಳಬೇಕಾಗಿದೆ. ನಮ್ಮೂರ ರೇಷ್ಮೆ ಸೀರೆಯನ್ನು ಹೊನ್ನಮ್ಮನಿಗೆ ಉಡಿಸುವ ಆಸೆ ಯಾರಿಗೂ ಸಹಜ. ಆದರೆ ಮೈಸೂರು ಸೀಮೆಯಲ್ಲಿ ರೇಷ್ಮೆಹುಳುವಿನ ಸಾಕಣೆಯನ್ನು ನೆಲೆಗೊಳಿಸಲು ಯತ್ನಿಸಿದವನು ಟಿಪ್ಪು ಸುಲ್ತಾನನು, 18ನೆಯ ಶತಮಾನದ ಕೊನೆಯಲ್ಲಿ. ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಮದರಾಸು ಪ್ರಾಂತದ ರೇಷ್ಮೆಬೆಳೆಗೆ ಮುಖ್ಯ ನೆಲೆಯೆನಿಸಿದ್ದು ಅದಕ್ಕೂ ಈಚಿನ ಸಂಗತಿ. ಹೊನ್ನಮ್ಮನ ಕಾಲದಲ್ಲಿ ರೇಷ್ಮೆ ಹೊರಗಿನಿಂದ ಬರುವ ಬೆಲೆಯುಳ್ಳ ಸರಕು. ದಿನದ ಊಳಿಗಕ್ಕೆ ಹತ್ತಿಯ ಸೀರೆಯೇ ತಕ್ಕದ್ದು. ಇದು ಬರಿಯ ಹೆಸರಿನ ಭೇದವಲ್ಲ, ಕೆತ್ತನೆಯ ಭೇದ. ರೇಷ್ಮೆಯ ಮಡಿಕೆ ಚೂಪಾಗಿ ಗರಿಗರಿಯಾಗಿ ನಿಲ್ಲುವುದು. ಕೈಯಿಂದ ನೂತ ದಪ್ಪ ಹತ್ತಿಯ ಮಡಿಕೆ ಕಡಿಮೆ, ದುಂಡು, ಒಗೆದೊಗೆದು ಮೆತ್ತಗಾದದ್ದು. ಬಣ್ಣದಲ್ಲಿಯೂ ಹಾಗೆಯೇ. ಕೃತಕ ಬಣ್ಣ ಲೋಕಕ್ಕೆ ಬಂದದ್ದು 1856ರಲ್ಲಿ, ಪರ್ಕಿನ್ ಎಂಬ ಇಂಗ್ಲಿಷ್ ಯುವಕನ ಪ್ರಯೋಗದಿಂದ. ಅದಕ್ಕೆ ಮೊದಲು ನೀಲಿಗಿಡ, ಮಂಜಿಷ್ಠ, ಅರಗು, ಅರಿಸಿನ ಇಂಥವುಗಳಿಂದ ಬಂದ ಬಣ್ಣಗಳೇ. ಪ್ರತಿಮೆಗೆ ಬಣ್ಣ ಹಚ್ಚುವಾಗ ಇಂದಿನ ಕಣ್ಣುಕುಕ್ಕುವ ರಾಣಿಬಣ್ಣವನ್ನು ಬದಿಗಿಡತಕ್ಕದ್ದು.

ಹನೂರಿನ ಕಡೆಯಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಕಂಸಾಳೆ ಹಿಡಿದ ದೇವರಗುಡ್ಡರನ್ನು ಕಂಡವರು, ಹಳೆಯ ಉಡುಗೆಯೆಲ್ಲ ಇನ್ನೂ ಜೀವಂತವಾಗಿಯೇ ಇದೆಯಲ್ಲಾ ಎಂದುಕೊಳ್ಳಬಹುದು. ಜೀವಂತವಾದ ವೇಷವೂ ತಲೆಮಾರಿನಿಂದ ತಲೆಮಾರಿಗೆ ಬದಲಾಗುವುದು. ಗುಡ್ಡರ ಕೈಯ ಹಿಡಿತವನ್ನೂ ಕುಣಿತದ ನಿಲುವನ್ನೂ ಅವರಿಂದ ಕಲಿಯಬಹುದು. ಅವರ ಅಂಗಿಯ ಅರಿವೆಯನ್ನು 1680ಕ್ಕೆ ಒಯ್ಯಲಾಗದು.

ಇನ್ನು ಸಂಚಿ. ಹೊನ್ನಮ್ಮನ ಹೆಸರಿನಲ್ಲಿಯೇ ಇರುವ ಈ ಒಂದು ವಸ್ತುವು ಉಳಿದೆಲ್ಲವನ್ನೂ ತೀರ್ಮಾನಿಸುವುದು. ನಮ್ಮ ಹಳ್ಳಿಗಳ ಅಜ್ಜಿಯರು ಸೊಂಟಕ್ಕೆ ಸಿಕ್ಕಿಸುವ ಸಂಚಿಯನ್ನು ಮೇಜಿನ ಮೇಲಿಟ್ಟು ನೋಡಿರಿ. ಎಲೆಗೊಂದು, ಅಡಿಕೆಗೊಂದು ಅರೆ; ಬಾಯಿಗೆ ದಾರ. ದಾರ ಬಿಗಿದಲ್ಲಿ ಸಣ್ಣ ಮಡಿಕೆಗಳು ಒತ್ತಿಕೊಂಡು ಕೆಳಕ್ಕೆ ಹರಡುವುವು. ಅಡಿಕೆಯ ಹೋಳುಗಳು ತಳಕ್ಕೆ ಇಳಿದು ಅಲ್ಲಿ ಉಬ್ಬಾಗುವುದು. ಸುಣ್ಣದ ಡಬ್ಬಿ ಇರುವ ಮಗ್ಗುಲು ದುಂಡಗೆ ಎದ್ದಿರುವುದು. ಅರಮನೆಯ ಸಂಚಿ ಇದಕ್ಕಿಂತ ದೊಡ್ಡದೂ ಅಂದವಾದದ್ದೂ ಆಗಿದ್ದೀತು. ಆದರೆ ಭಾರ ಬೀಳುವ ಕ್ರಮ ಒಂದೇ.

ಎಲೆಯನ್ನು ಹಿರಿಯರಿಗೆ ಬಲಗೈಯಿಂದ ಕೊಡತಕ್ಕದ್ದಾದ್ದರಿಂದ ಸಂಚಿಯು ಎಡಗೈಯಲ್ಲಿರಬೇಕು. ಎಡಗೈಯಲ್ಲಿ ಸಂಚಿ ಇದ್ದರೆ ಆ ಮೊಣಕೈ ಮಡಿಸಿ ಪಕ್ಕೆಗೆ ಆತುಕೊಂಡಿರುವುದು. ಹಾಗಿರುವಾಗ ಸೆರಗನ್ನು ಎಡತೋಳಿನ ಮೇಲೆ ಇಳಿಬಿಟ್ಟರೆ ಅದು ಸಂಚಿಯ ಬಾಯಿಗೆ ಅಡ್ಡ ಬರುವುದು. ಊಳಿಗದವಳು ಅದನ್ನು ಸುತ್ತಿ ತಂದು ಸೊಂಟಕ್ಕೆ ಸಿಕ್ಕಿಸಿಯೇ ಇರಬೇಕು. ಕರೆದ ಕೂಡಲೆ ಮುಂದೆ ಬರಬೇಕಾದವಳಾದ್ದರಿಂದ ಭಾರವೆಲ್ಲ ಒಂದೇ ಕಾಲಿನ ಮೇಲೆ ಬಿಟ್ಟು ಸಡಿಲವಾಗಿ ನಿಂತಿರಲಾರಳು. ಬಲಗೈಯ ಬಳೆಗಳು ಕೆಲಸಕ್ಕೆ ಅಡ್ಡಿಯಾಗದಷ್ಟೇ. ಹೀಗೆ ಚಿತ್ರಪಟಗಳು ಹೇಳದೆ ಬಿಟ್ಟದ್ದನ್ನು ಕೆಲಸವೇ ಹೇಳಿಕೊಡುವುದು. ಲೇಪಾಕ್ಷಿಯ ಸಖಿಯರನ್ನು ಇದರೊಡನೆ ಹೋಲಿಸಿ ನೋಡಿದರೆ ತೀರ್ಮಾನ ಗಟ್ಟಿಯಾಗುವುದು. ಮುಖಕ್ಕೆ ಮಾತ್ರ ಆಧಾರವಿಲ್ಲ. ಆದ್ದರಿಂದ ಮುಖವನ್ನು ಸ್ವಲ್ಪ ಬಾಗಿಸಿ, ದೃಷ್ಟಿಯನ್ನು ಸಂಚಿಯ ಕಡೆಗೆ ತಿರುಗಿಸಿ, ದೀಪವನ್ನು ಕೆಳಮಗ್ಗುಲಿನಿಂದ ಇಟ್ಟು ಕೈಗಳನ್ನು ಬೆಳಗಿಸುವುದು ನನಗೆ ಒಪ್ಪಿತ.

ಒಂದು ವ್ಯವಸ್ಥೆಯನ್ನು ಮೊದಲಿನಿಂದಲೂ ಪಾಲಿಸಬೇಕು. ದೇಹ, ಸೀರೆ, ಕುಪ್ಪಸ, ಒಡವೆ, ಸಂಚಿ ಇವೆಲ್ಲವನ್ನೂ ಒಂದೇ ಮುದ್ದೆಯಾಗಿ ಬೆಸೆಯದೆ ಬೇರೆ ಬೇರೆಯಾಗಿ ಇಟ್ಟುಕೊಂಡು, ಆಧಾರವುಳ್ಳವು ಯಾವುವು, ಊಹೆಯವು ಯಾವುವು ಎಂಬುದನ್ನು ಒಂದೊಂದರ ಹೆಸರಿನ ಜೊತೆಗೇ ಬರೆದಿಡತಕ್ಕದ್ದು. ಪುಸ್ತಕದಲ್ಲಿ ಚಿತ್ರದ ಕೆಳಗೆ ‘ಊಹಾಚಿತ್ರ’ವೆಂದು ಅಚ್ಚು ಮಾಡಿಸುವುದಕ್ಕೆ ನಾಚಬೇಕಾಗಿಲ್ಲ. ನಾಳೆ ಯಾವುದಾದರೂ ಹಳೆಯ ಗೋಡೆಯ ಸುಣ್ಣದಡಿಯಿಂದ ಆ ಕಾಲದ ಚಿತ್ರವೊಂದು ಹೊರಬಿದ್ದು, ಕುಪ್ಪಸದ ಗಂಟು ಮುಂದಿರಲಿಲ್ಲ, ಹಿಂದಿತ್ತು ಎಂದು ತಿಳಿದರೆ, ಅದೊಂದನ್ನೇ ಕಳಚಿ ಬೇರೆಯದನ್ನು ತೊಡಿಸಬಹುದು. ನಿಲುವನ್ನೂ ಸೀರೆಯನ್ನೂ ಕೈಯ ಸಂಚಿಯನ್ನೂ ಮುಟ್ಟಬೇಕಾಗಿಲ್ಲ.