ನಾಗರಹಾವೋ, ಕೇರೆಹಾವೋ?

ಕನ್ನಡದ ಯಾವ ಮನೆಯಲ್ಲೇ ಆಗಲಿ, 'ಮೇಷ್ಟ್ರೇ...' ಎಂದು ಸ್ವಲ್ಪ ಎಳೆದು ಕೂಗಿ ನೋಡಿ. ಅಜ್ಜಿಯಿಂದ ಹಿಡಿದು ಹೈಸ್ಕೂಲಿಗೆ ಹೋಗುವ ಮೊಮ್ಮಗನವರೆಗೆ ಎಲ್ಲರ ಕಣ್ಣ ಮುಂದೆ ಬಂದು ನಿಲ್ಲುವವರು ಇಬ್ಬರು. ಒಬ್ಬ ರಾಮಾಚಾರಿ, ಇನ್ನೊಬ್ಬರು ಚಾಮಯ್ಯ ಮೇಷ್ಟ್ರು. ಪುಟ್ಟಣ್ಣ ಕಣಗಾಲರ 'ನಾಗರಹಾವು' ತೆರೆ ಕಂಡದ್ದು 1972ರಲ್ಲಿ. ಅಂದು ಟೆಂಟಿನಲ್ಲೋ ಟಾಕೀಸಿನಲ್ಲೋ ಟಿಕೆಟ್ಟು ಕೊಂಡು ನೋಡಿದ ಹುಡುಗರು ಇಂದು ಅಜ್ಜಂದಿರಾಗಿದ್ದಾರೆ. ಅವರ ನಂತರದ ತಲೆಮಾರುಗಳಿಗೆ ಆ ಚಿತ್ರವನ್ನು ಮುಟ್ಟಿಸಿದ್ದು ಟೀವಿ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರಲ್ಲಿ. ವಾರಾಂತ್ಯದ ಕನ್ನಡ ಚಿತ್ರಕ್ಕಾಗಿ ಇಡೀ ಬೀದಿಯೇ ಟೀವಿ ಇದ್ದ ಒಂದು ಮನೆಯ ಪಡಸಾಲೆಯಲ್ಲಿ ಕೂಡುತ್ತಿದ್ದ ಕಾಲ ಅದು. ಆಮೇಲೆ ಖಾಸಗಿ ವಾಹಿನಿಗಳು ಬಂದವು, ಈಗ ಅಂಗೈಯಲ್ಲೇ ಮೊಬೈಲು ಬಂದಿದೆ. ಪರದೆ ಚಿಕ್ಕದಾಗುತ್ತ ಬಂದರೂ ರಾಮಾಚಾರಿಯ ಮೇಲಿನ ಮೆಚ್ಚುಗೆ ಮಾತ್ರ ಚಿಕ್ಕದಾಗಿಲ್ಲ. 2018ರಲ್ಲಿ ಹೊಸ ತಂತ್ರಜ್ಞಾನದಲ್ಲಿ ಚಿತ್ರ ಮತ್ತೆ ಬಿಡುಗಡೆಯಾದಾಗಲೂ ಜನ ಚಿತ್ರಮಂದಿರಕ್ಕೆ ಹೋಗಿ ನೋಡಿದರು.

ಆದರೆ ಈ ಮೆಚ್ಚುಗೆಯ ಸಭೆಯಲ್ಲಿ ಒಬ್ಬರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರು ಆ ಕಥೆಯನ್ನು ಬರೆದವರು.

ಚಳ್ಳಕೆರೆ ದಾಟಿ ಬಳ್ಳಾರಿಯ ದಾರಿ ಹಿಡಿದರೆ ನಮ್ಮ ತಳಕು ಸಿಗುತ್ತದೆ. ಬಸ್ಸಿನಲ್ಲಿ ಹೋಗುವವರಿಗೆ ಇದೂ ಒಂದು ನಿಲ್ದಾಣ, ಅಷ್ಟೆ. ಆದರೆ ಕನ್ನಡ ಸಾಹಿತ್ಯ ಓದುವವರಿಗೆ ಇದು ತಿಳಿದ ಹೆಸರು. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ್ದು ತಮ್ಮ ಗುರು ಟಿ.ಎಸ್. ವೆಂಕಣ್ಣಯ್ಯನವರಿಗೆ. ಆ ವೆಂಕಣ್ಣಯ್ಯನವರು ತಳುಕಿನ ಮನೆತನದವರು. ಅದೇ ಮನೆತನದ ಇನ್ನೊಂದು ಕುಡಿ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್, ಅಂದರೆ ನಮ್ಮೆಲ್ಲರ ತ.ರಾ.ಸು. ಆ ಮೂರಕ್ಷರದ ಹೆಸರಿನ 'ತ' ನಮ್ಮ ಊರಿನದು. 1920ರಲ್ಲಿ ಹುಟ್ಟಿ 1984ರಲ್ಲಿ ತೀರಿಕೊಂಡ ಅವರಿಗೆ 'ದುರ್ಗಾಸ್ತಮಾನ' ಕಾದಂಬರಿಗಾಗಿ 1985ರಲ್ಲಿ ಮರಣೋತ್ತರವಾಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 'ನಾಗರಹಾವು' ಚಿತ್ರಕ್ಕೆ ಆಧಾರವಾದದ್ದು ಅವರ ಮೂರು ಕಾದಂಬರಿಗಳು: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು' ಮತ್ತು 'ಸರ್ಪಮತ್ಸರ'.

ನಾಡೆಲ್ಲ ಕೊಂಡಾಡಿದ ಚಿತ್ರವನ್ನು ನೋಡಿ ತ.ರಾ.ಸು. ಬೇಸರಪಟ್ಟರು. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಎಂಬ ಅರ್ಥದ ಅವರ ಮಾತು ಇಂದಿಗೂ ಜನರ ಬಾಯಲ್ಲಿದೆ. ಅನೇಕರು ಇದನ್ನೊಂದು ತಮಾಷೆಯೆಂದು ಹೇಳಿ ನಕ್ಕು ಮುಂದೆ ಹೋಗುತ್ತಾರೆ. ವಿಜ್ಞಾನ ಪಾಠ ಮಾಡುವ ನನಗೆ ಅದು ತಮಾಷೆಯಾಗಿ ಕಾಣುವುದಿಲ್ಲ. ಅದೊಂದು ಖಚಿತವಾದ ಟೀಕೆ.

ಎರಡು ಹಾವುಗಳ ಪಾಠ

ನಮ್ಮ ಶೇಂಗಾ ಹೊಲಗಳ ಬದುವಿನಲ್ಲಿ ಎರಡೂ ಹಾವುಗಳು ಕಾಣಸಿಗುತ್ತವೆ. ಕೇರೆಹಾವು ಆಳುದ್ದ ಬೆಳೆಯುತ್ತದೆ, ಸರಸರನೆ ಓಡುತ್ತದೆ, ನೋಡಿದವರ ಎದೆ ನಡುಗುತ್ತದೆ. ಆದರೆ ಅದಕ್ಕೆ ವಿಷವಿಲ್ಲ. ಇಲಿ ಹಿಡಿದು ತಿಂದು ರೈತನಿಗೆ ಉಪಕಾರ ಮಾಡುವ ಪ್ರಾಣಿ ಅದು. ನಾಗರಹಾವಿನದು ಬೇರೆಯೇ ಲೆಕ್ಕ. ಅದರ ವಿಷ ನರಗಳಿಗೆ ಏರಿದರೆ ರೆಪ್ಪೆ ಇಳಿಬೀಳುತ್ತದೆ, ಮಾತು ತೊದಲುತ್ತದೆ, ಉಸಿರಾಟವೇ ನಿಲ್ಲಬಹುದು. ಮಂತ್ರವಾದಿಯ ಬಳಿಗೆ ಹೋಗದೆ ನೇರವಾಗಿ ಆಸ್ಪತ್ರೆಗೆ ಓಡಬೇಕು ಎಂದು ಮಕ್ಕಳಿಗೆ ಪ್ರತಿವರ್ಷ ಹೇಳುತ್ತೇವೆ. ಹಾಗೆಂದು ನಾಗರಹಾವು ಸುಮ್ಮಸುಮ್ಮನೆ ಮನುಷ್ಯನ ಮೈಮೇಲೆ ಬೀಳುವುದಿಲ್ಲ. ಅದು ಹೆಡೆ ಎತ್ತುವುದು ಎಚ್ಚರಿಕೆ ಕೊಡುವುದಕ್ಕೆ. 'ನನ್ನನ್ನು ಕೆಣಕಬೇಡ, ದೂರ ಸರಿ' ಎಂಬುದು ಅದರ ಭಾಷೆ. ಇನ್ನು ಹನ್ನೆರಡು ವರ್ಷದ ಹಾವಿನ ದ್ವೇಷ ಎಂಬುದು ಗಾದೆಯಲ್ಲಿ, ಹಾಡಿನಲ್ಲಿ ಮಾತ್ರ ಇರುವಂಥದು. ಸೇಡನ್ನು ನೆನಪಿಟ್ಟು ಕಾಯುವ ಬುದ್ಧಿ ಹಾವಿಗಿಲ್ಲ; ಅದು ಮನುಷ್ಯನ ಸ್ವತ್ತು.

ಈಗ ತ.ರಾ.ಸು. ಅವರ ಮಾತನ್ನು ಮತ್ತೆ ಕೇಳಿಸಿಕೊಳ್ಳಿ. ಹಾವು ಸಣ್ಣದಾಯಿತು ಎಂದು ಅವರು ಹೇಳಲಿಲ್ಲ. ವಿಷ ಹೋಯಿತು ಎಂದರು. ನೋಡುವುದಕ್ಕೆ ಭಯ ಹುಟ್ಟಿಸುವಂತಿದೆ, ಆದರೆ ಕಚ್ಚಿದರೆ ಏನೂ ಆಗುವುದಿಲ್ಲ, ಮುದ್ದು ಮಾಡಬಹುದು ಎಂಬಂತಾಯಿತು ಎಂದರು. ಚಿತ್ರವನ್ನು ಮೆಚ್ಚಿದ ನಾವೆಲ್ಲ ಒಮ್ಮೆ ನಿಂತು ಯೋಚಿಸಬೇಕಾದ ಮಾತಿದು.

ಮೂರು ಗಂಟೆ, ಮೂರು ಕಾದಂಬರಿ

ಕಾದಂಬರಿ ತೆರೆಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ನೋಡೋಣ. ಇಂಗ್ಲಿಷಿನಲ್ಲಿ ಷಾರ್ಲೆಟ್ ಬ್ರಾಂಟೆ 1847ರಲ್ಲಿ ಪ್ರಕಟಿಸಿದ 'ಜೇನ್ ಐರ್' ಎಂಬ ಕಾದಂಬರಿಯಿದೆ. ತಂದೆತಾಯಿ ಇಲ್ಲದ ಹುಡುಗಿಯೊಬ್ಬಳು ಓದಿ, ಒಂದು ದೊಡ್ಡ ಬಂಗಲೆಗೆ ಮನೆಪಾಠದ ಟೀಚರಾಗಿ ಹೋಗುತ್ತಾಳೆ. ಮನೆಯ ಯಜಮಾನ ರೋಚೆಸ್ಟರನಿಗೂ ಅವಳಿಗೂ ಪ್ರೀತಿ ಹುಟ್ಟುತ್ತದೆ. ಆದರೆ ಮಹಡಿಯ ಮೇಲಿನ ಬೀಗ ಹಾಕಿದ ಕೋಣೆಯಲ್ಲಿ ಬುದ್ಧಿ ಕೆಟ್ಟ ಅವನ ಹೆಂಡತಿ ಇದ್ದಾಳೆ. ಹಳೆಯ ಬಂಗಲೆ, ರಾತ್ರಿಯ ಸದ್ದು, ಮುಚ್ಚಿಟ್ಟ ಗುಟ್ಟು, ನಡುವೆ ಪ್ರೇಮ: ಇಂಥ ಕಥೆಗಳನ್ನು ಅಲ್ಲಿ 'ಗಾಥಿಕ್' ಎಂದು ಕರೆಯುತ್ತಾರೆ. ನಮ್ಮ ದುರ್ಗದ ಕಥೆಯಲ್ಲಿ ಬಂಗಲೆಯ ಕೆಲಸವನ್ನು ಬೆಟ್ಟ ಮಾಡುತ್ತದೆ. ಏಳುಸುತ್ತಿನ ಕೋಟೆ, ಒಂದರ ಮೇಲೊಂದು ಕುಳಿತ ಹೆಬ್ಬಂಡೆಗಳು, ಕೆಳಗೆ ಪ್ರಪಾತ. ರಾಮಾಚಾರಿಯ ಕೋಪವೂ ಪ್ರೀತಿಯೂ ಆ ಬಂಡೆಗಳ ನಡುವೆಯೇ ಬೆಳೆದು ಅಲ್ಲಿಯೇ ಮುಗಿಯುತ್ತವೆ.

'ಜೇನ್ ಐರ್' ಎಷ್ಟೋ ಸಲ ಸಿನಿಮಾ ಆಗಿದೆ. ಆದರೂ ಅನೇಕ ಅಭಿಮಾನಿಗಳು ಇಂದಿಗೂ ಎತ್ತಿ ಹೇಳುವುದು 1983ರಲ್ಲಿ ಬಿಬಿಸಿ ಟೀವಿಗಾಗಿ ತಯಾರಿಸಿದ ಧಾರಾವಾಹಿಯನ್ನು. ಜೇನ್ ಆಗಿ ಝೀಲಾ ಕ್ಲಾರ್ಕ್, ರೋಚೆಸ್ಟರ್ ಆಗಿ ತಿಮೋತಿ ಡಾಲ್ಟನ್ ನಟಿಸಿದ್ದರು. ಜನ ಅದನ್ನು ಮೆಚ್ಚಲು ಕಾರಣ ಸರಳ. ಅರ್ಧರ್ಧ ಗಂಟೆಯ ಹನ್ನೊಂದು ಕಂತುಗಳಿದ್ದುದರಿಂದ ಕಾದಂಬರಿಯ ಮಾತುಗಳನ್ನು ಬಹುಪಾಲು ಹಾಗೆಯೇ ಉಳಿಸಿಕೊಳ್ಳಲು ಸಾಧ್ಯವಾಯಿತು. ಈಗ ಲೆಕ್ಕ ಹಾಕಿ. ಅಲ್ಲಿ ಒಂದು ಕಾದಂಬರಿಗೆ ಐದು ಗಂಟೆಗೂ ಮಿಕ್ಕಿದ ಅವಧಿ. ಇಲ್ಲಿ ಪುಟ್ಟಣ್ಣನವರು ಸುಮಾರು ಮೂರು ಗಂಟೆಯಲ್ಲಿ ಮೂರು ಕಾದಂಬರಿಗಳನ್ನು ಹಿಡಿಯಬೇಕಿತ್ತು, ಅದರಲ್ಲೇ ಹಾಡುಗಳಿಗೂ ಜಾಗ ಬಿಡಬೇಕಿತ್ತು. ಮೂರು ಸೇರು ನೀರನ್ನು ಒಂದು ಸೇರಿನ ಪಾತ್ರೆಗೆ ಹೊಯ್ದರೆ ಏನಾಗುತ್ತದೆಂದು ಒಂದನೇ ತರಗತಿಯ ಮಗುವೂ ಹೇಳುತ್ತದೆ. ಚೆಲ್ಲಿದ್ದಕ್ಕೆ ಹೊಯ್ದವರನ್ನು ಬೈದು ಫಲವಿಲ್ಲ. ಚೆಲ್ಲಿದ್ದೇನು ಎಂದು ತಿಳಿಯುವ ಕುತೂಹಲವಾದರೂ ನಮಗಿರಬೇಕು.

ಪಾತ್ರೆ ಸರಿಹೊಂದಿದಾಗ ಎಷ್ಟು ಚೆನ್ನಾಗಿರುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. 1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂದಾಗ ದೇಶವೇ ಮೆಚ್ಚಿತು. ಆರ್.ಕೆ. ನಾರಾಯಣ್ ಅವರ ಸಣ್ಣಕಥೆಗಳು ಒಂದೊಂದು ಕಂತಿನ ಅಳತೆಗೆ ಹೊಲಿಸಿದ ಅಂಗಿಯಂತೆ ಕುಳಿತವು. ಅದೇ ನಾರಾಯಣ್ ತಮ್ಮ 'ಗೈಡ್' ಕಾದಂಬರಿ 1965ರಲ್ಲಿ ಹಿಂದಿ ಸಿನಿಮಾ ಆದಾಗ ತಮಗಾದ ಅಸಮಾಧಾನವನ್ನು ಒಂದು ಲೇಖನವಾಗಿಯೇ ಬರೆದಿದ್ದರು. ಅಂದಮೇಲೆ ತ.ರಾ.ಸು. ಒಬ್ಬರೇ ಮುನಿಸಿಕೊಂಡ ಲೇಖಕರೇನಲ್ಲ.

ಮುಖ ಮಾಡುವ ಮೋಡಿ

ಸಮಯದ ಅಭಾವದ ಜೊತೆಗೆ ಇನ್ನೂ ಒಂದು ಕಾರಣವಿದೆ. ಅದು ನಟನ ಮುಖ. ಬ್ರಾಂಟೆಯ ರೋಚೆಸ್ಟರ್ ರೂಪವಂತನಲ್ಲ. ಜೇನ್ ಅವನ ಮುಖಕ್ಕೇ ಹಾಗೆ ಹೇಳುತ್ತಾಳೆ. ತಿಮೋತಿ ಡಾಲ್ಟನ್ ಮಾತ್ರ ಸುಂದರಾಂಗ. ಆ ಧಾರಾವಾಹಿಯನ್ನು ಬಹಳ ಮೆಚ್ಚಿದವರೂ ಅವನು ಈ ಪಾತ್ರಕ್ಕೆ ಚೆಲುವು ಹೆಚ್ಚಾದವನೆಂದು ಒಪ್ಪುತ್ತಾರೆ. ನಮ್ಮಲ್ಲೂ ಹಾಗೆಯೇ. ನಾಯಕನಾಗಿ ಮೊದಲ ಬಾರಿಗೆ ನಟಿಸಿದ ವಿಷ್ಣುವರ್ಧನರ ಆ ಹೊಳೆಯುವ ಕಣ್ಣುಗಳನ್ನು ಕಂಡ ಮೇಲೆ ರಾಮಾಚಾರಿ ಏನು ಮಾಡಿದರೂ ನಮಗೆ ಸಿಟ್ಟು ಬರುವುದಿಲ್ಲ. ಕಾಲೇಜಿನ ಪ್ರಿನ್ಸಿಪಾಲರನ್ನು ರಾತ್ರಿ ಕಂಬಕ್ಕೆ ಕಟ್ಟಿದರೆ ನಗುತ್ತೇವೆ. ನಿಜವಾಗಿ ನಮ್ಮ ಶಾಲೆಯಲ್ಲೇ ಯಾವನಾದರೂ ಹುಡುಗ ಹಾಗೆ ಮಾಡಿದ್ದರೆ? ನಗುತ್ತಿದ್ದೆವೇ? ವಿಷ ಎಲ್ಲಿ ಇಳಿಯಿತು ಎಂಬುದಕ್ಕೆ ಇಲ್ಲೊಂದು ಸುಳಿವು ಸಿಗುತ್ತದೆ.

ಮುಖದ ಮೋಡಿ ಎಷ್ಟು ಆಳಕ್ಕೆ ಇಳಿಯುತ್ತದೆಂದರೆ ಚರಿತ್ರೆಯನ್ನೂ ಅದು ಬಿಡುವುದಿಲ್ಲ. ರಾಜ್ಯೋತ್ಸವದ ದಿನ ವೇಷ ಹಾಕಿ ಬರುವ ಹೆಣ್ಣುಮಕ್ಕಳನ್ನು ಗಮನಿಸಿ. ಒನಕೆ ಓಬವ್ವ ಎಂದರೆ ಚಿತ್ರದಲ್ಲಿ ಜಯಂತಿ ಉಟ್ಟಂತೆ ಸೀರೆ, ಜಯಂತಿ ನಿಂತಂತೆ ನಿಲುವು. ಹೈದರಾಲಿಯ ಕಾಲದ ಓಬವ್ವನ ಮುಖ ಹೇಗಿತ್ತೆಂದು ಕಂಡವರಿಲ್ಲ. ನಮ್ಮ ಮಕ್ಕಳ ಮನಸ್ಸಿನಲ್ಲಿ ಮಾತ್ರ ಆ ಮುಖ 1972ರಲ್ಲೇ ನಿಗದಿಯಾಗಿಬಿಟ್ಟಿದೆ.

ಚಾಮಯ್ಯ ಮೇಷ್ಟ್ರು ಕೊಟ್ಟ ಬುದ್ಧಿಮಾತು

ಇನ್ನು ನನ್ನಂಥ ಉಪಾಧ್ಯಾಯರನ್ನು ತಟ್ಟುವ ವಿಷಯಕ್ಕೆ ಬರುತ್ತೇನೆ. ಕೆ.ಎಸ್. ಅಶ್ವಥ್ ಅವರ ಅಭಿನಯದಿಂದ ಚಾಮಯ್ಯ ಮೇಷ್ಟ್ರು ಆದರ್ಶ ಗುರುವಿಗೆ ಇನ್ನೊಂದು ಹೆಸರೇ ಆಗಿದ್ದಾರೆ. ಬೀಳ್ಕೊಡುಗೆ ಸಮಾರಂಭದಲ್ಲಿ ಒಬ್ಬ ಮೇಷ್ಟ್ರನ್ನು ಹೊಗಳಬೇಕಾದರೆ 'ಚಾಮಯ್ಯ ಮೇಷ್ಟ್ರಂಥವರು' ಎಂದರೆ ಸಾಕು. ಊರೆಲ್ಲ ದೂರಿದ ಹುಡುಗನನ್ನು ಮಗನಂತೆ ಕಂಡವರು, ಅವನ ಸಿಟ್ಟಿನ ಕೆಳಗಿನ ಒಳ್ಳೆಯತನವನ್ನು ಗುರುತಿಸಿದವರು ಅವರು. ಇದೆಲ್ಲ ನಿಜ. ಮೆಚ್ಚಲೇಬೇಕಾದ ಗುಣಗಳಿವು.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಜಾತಿ ಬೇರೆ ಎಂದು ಮನೆಯವರು ಒಪ್ಪುವುದಿಲ್ಲ. ಆಗ ಮೇಷ್ಟ್ರು ಶಿಷ್ಯನಿಗೆ ತ್ಯಾಗದ ಮಾತು ಹೇಳಿ ಒಪ್ಪಿಸುತ್ತಾರೆ. ಯಾರ ಮಾತನ್ನೂ ಕೇಳದ ಹುಡುಗ ಮೇಷ್ಟ್ರ ಮಾತು ಕೇಳಿ ಬಿಟ್ಟುಕೊಡುತ್ತಾನೆ. ಅಲಮೇಲುವಿನ ಗತಿ ಏನಾಯಿತು? ಹಿರಿಯರು ನೋಡಿ ಮಾಡಿದ ಮದುವೆಯ ಗಂಡನೇ ಅವಳನ್ನು ಕೂಪಕ್ಕೆ ತಳ್ಳುತ್ತಾನೆ. ಮುಂದೆ ಮಾರ್ಗರೆಟ್ಟಳ ವಿಷಯದಲ್ಲಿ ಮೇಷ್ಟ್ರು ಅದೇ ಬುದ್ಧಿಮಾತನ್ನು ಮತ್ತೆ ಹೇಳಲು ಬೆಟ್ಟ ಹತ್ತುತ್ತಾರೆ. ಈ ಸಲ ಶಿಷ್ಯ ಕೇಳುವುದಿಲ್ಲ. ಆ ಬೆಟ್ಟದಿಂದ ಮೇಷ್ಟ್ರೂ ಹಿಂದಿರುಗುವುದಿಲ್ಲ, ರಾಮಾಚಾರಿ ಮಾರ್ಗರೆಟ್ಟರೂ ಹಿಂದಿರುಗುವುದಿಲ್ಲ.

ಪ್ರೀತಿಯೇನೋ ಇತ್ತು, ಆದರೆ ಗುರುವಿನ ಪ್ರೀತಿಯೊಂದೇ ಸಾಕಾಗಲಿಲ್ಲ. ಹುಡುಗನ ಸಿಟ್ಟನ್ನು ತಣಿಸಬಲ್ಲ ಮೇಷ್ಟ್ರಿಗೆ ಊರಿನ ಕಟ್ಟುಪಾಡನ್ನು ಪ್ರಶ್ನಿಸಲು ಆಗಲಿಲ್ಲ. ನಾಗರಹಾವು ಹೆಡೆ ಎತ್ತಿ ಎಚ್ಚರಿಸುತ್ತಿತ್ತು. ಹಿರಿಯರೆಲ್ಲ ಸೇರಿ ಹೆಡೆಯನ್ನು ಅದುಮುವುದನ್ನೇ ಉಪಾಯವೆಂದುಕೊಂಡರು. ನನ್ನ ಮಟ್ಟಿಗೆ ಆ ಕಥೆಯ ವಿಷ ಇರುವುದು ಇಲ್ಲಿ. ಪುಟ್ಟಣ್ಣನವರ ಚಿತ್ರದಲ್ಲೂ ಅದರ ಹನಿಗಳು ಉಳಿದಿವೆ. ಹಾಡು, ಕಣ್ಣೀರು, ಗುರುಶಿಷ್ಯರ ಮಮತೆಯ ನಡುವೆ ನಾವು ಅದನ್ನು ಗಮನಿಸದೆ ದಾಟಿಬಿಡುತ್ತೇವೆ. ಮೆಚ್ಚುಗೆ ಹೆಚ್ಚಾದಷ್ಟೂ ಪ್ರಶ್ನೆ ಕಡಿಮೆಯಾಗುತ್ತದೆ.

ತಂದೆತಾಯಿಯರಿಗೆ ಒಂದು ಮಾತು. ಈ ಚಿತ್ರ ಟೀವಿಯಲ್ಲಿ ಬಂದಾಗ ಮಕ್ಕಳನ್ನು ಏಳಿಸಿ ಓದಲು ಕಳಿಸಬೇಡಿ, ಜೊತೆಯಲ್ಲಿ ಕೂತು ನೋಡಿ. ಆದರೆ ಕೊನೆಯ ದೃಶ್ಯ ಮುಗಿದೊಡನೆ ಕಣ್ಣೊರೆಸಿಕೊಂಡು ಎದ್ದು ಹೋಗಬೇಡಿ. ಪ್ರಾಣ ಬಿಡುವುದೇ ಪ್ರೀತಿಯ ದೊಡ್ಡಸ್ತಿಕೆ ಎಂಬ ಅರ್ಥ ಹದಿನಾರು ಹದಿನೇಳರ ಮನಸ್ಸಿನಲ್ಲಿ ಕೂರಬಾರದು. ಬೆಟ್ಟದಿಂದ ಇಳಿದು ಬರಲು ಅವರಿಗೆ ಬೇರೆ ದಾರಿಯಿತ್ತೇ, ಆ ದಾರಿ ತೆರೆಯಬೇಕಾಗಿದ್ದವರು ಯಾರು ಎಂದು ಮಕ್ಕಳನ್ನೇ ಕೇಳಿ. ಅವರು ಕೊಡುವ ಉತ್ತರದಲ್ಲಿ ನಮ್ಮ ಬಗ್ಗೆಯೂ ಒಂದೆರಡು ಮಾತು ಇರಬಹುದು. ಕೇಳಿಸಿಕೊಳ್ಳುವ ತಾಳ್ಮೆ ನಮಗಿರಲಿ. ಮನೆಯಲ್ಲಿ ಇಷ್ಟು ಮಾತಿಗೆ ಅವಕಾಶವಿದ್ದರೆ ಯಾವ ಮಗುವೂ ಬೆಟ್ಟ ಹತ್ತುವ ಮೊದಲು ಒಮ್ಮೆ ತಿರುಗಿ ನೋಡುತ್ತದೆ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಪ್ರಯೋಗಶಾಲೆಯಲ್ಲಿ ಪಕ್ಕದವನ ಫಲಿತಾಂಶವನ್ನು ನೋಡಿ ಬರೆದುಕೊಂಡರೆ ನಾವು ಒಪ್ಪುವುದಿಲ್ಲ. ಸಿನಿಮಾ ಎಂದರೆ ಒಂದು ಕಾದಂಬರಿಯನ್ನು ಇನ್ನೊಬ್ಬರು ಓದಿ ಪಡೆದ ಫಲಿತಾಂಶ. ಪುಟ್ಟಣ್ಣನವರು ಬಹಳ ದೊಡ್ಡ ಓದುಗ, ಅವರ ಫಲಿತಾಂಶವನ್ನು ಗೌರವಿಸೋಣ. ಆದರೆ ಪ್ರಯೋಗವನ್ನು ನೀವೂ ಮಾಡಿ ನೋಡಬೇಕು. ಓದುವಾಗ ನಿಮ್ಮ ರಾಮಾಚಾರಿಗೆ ವಿಷ್ಣುವರ್ಧನರ ಮುಖವಿಲ್ಲದಿರಬಹುದು, ನಿಮ್ಮ ಮಾರ್ಗರೆಟ್ ಬೇರೆಯದೇ ದನಿಯಲ್ಲಿ ಮಾತನಾಡಬಹುದು. ತ.ರಾ.ಸು. ಹೇಳಿದ್ದು ಸರಿಯೋ, ನೋಡುಗರ ಮೆಚ್ಚುಗೆ ಸರಿಯೋ ಎಂಬುದನ್ನು ತೀರ್ಮಾನಿಸುವ ಹಕ್ಕು ಎರಡನ್ನೂ ಬಲ್ಲವರಿಗೆ ಮಾತ್ರ ಇರುತ್ತದೆ.

ಒಂದು ಚೀಟಿಯಲ್ಲಿ ಆ ಮೂರು ಹೆಸರುಗಳನ್ನು ಬರೆದುಕೊಳ್ಳಿ: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ'. ಹತ್ತಿರದ ಗ್ರಂಥಾಲಯದಲ್ಲಿ ಕೇಳಿ. ಇಲ್ಲವೆಂದರೆ ತರಿಸಿಕೊಡಿ ಎಂದು ಅರ್ಜಿ ಬರೆದು ಕೊಡಿ. ಓದಿ ಮುಗಿಸಿದ ಮೇಲೆ ನಿಮ್ಮ ಮೇಷ್ಟ್ರ ಬಳಿ ಹೋಗಿ, ಅದು ನಾಗರಹಾವೋ ಕೇರೆಹಾವೋ ಎಂದು ನೀವೇ ಹೇಳಿ. ಕೇಳಲು ನಾವು ಕಾದಿರುತ್ತೇವೆ.