ಶೀತದೇಶದಲ್ಲಿ ರಸಭರಿತ ಸಸ್ಯಗಳ ಪಾಲನೆ

ನಮ್ಮ ಶಾಲೆಯಲ್ಲಿ ವಿದ್ಯಾಭ್ಯಾಸ ಮುಗಿಸಿದ ಸೋದರಿಯರಲ್ಲಿ ಹಲವರು ಇಂದು ಇಂಗ್ಲೆಂಡು ಮೊದಲಾದ ಶೀತದೇಶಗಳಲ್ಲಿ ನೆಲಸಿರುವರು. ನಾವೂ ಅಲ್ಲಿ ಕೆಲವು ವರ್ಷಗಳನ್ನು ಕಳೆದವರೇ. ನೆರೆಮನೆಯ ವೃದ್ಧೆಯೊಬ್ಬರು ಊರು ಬಿಟ್ಟು ಮಗಳ ಮನೆಗೆ ಹೊರಡುವಾಗ, ತಾವು ಇಪ್ಪತ್ತು ವರ್ಷ ಸಾಕಿದ ಜೇಡ್ ಗಿಡವನ್ನು ನಮ್ಮ ಕೈಗಿತ್ತು, ಜೋಪಾನ ಮಾಡಬೇಕೆಂದು ಕೇಳಿಕೊಂಡರು. ನಾವು ಅದಕ್ಕೆ ಪ್ರತಿದಿನವೂ ತಪ್ಪದೆ ನೀರೆರೆದೆವು. ಜನವರಿ ಕಳೆಯುವುದರೊಳಗೆ ಅದರ ಬುಡವು ಕೊಳೆತು, ಗಿಡವು ಮಗ್ಗುಲಿಗೆ ಒರಗಿಹೋಯಿತು. ಆ ನಷ್ಟದಿಂದ ನಾವು ಕಲಿತುದನ್ನೇ ಇಲ್ಲಿ ಬರೆಯುವೆವು.

ಎಲೆಯಲ್ಲಾಗಲಿ ಕಾಂಡದಲ್ಲಾಗಲಿ ನೀರನ್ನು ಶೇಖರಿಸಿಟ್ಟುಕೊಳ್ಳುವ ಗಿಡಗಳಿಗೆ ರಸಭರಿತ ಸಸ್ಯಗಳೆಂದು ಹೆಸರು. ಜೇಡ್ ಗಿಡವು ದಕ್ಷಿಣ ಆಫ್ರಿಕದ್ದು. ಗುಲಾಬಿಯಂತೆ ಎಲೆಗಳನ್ನು ಜೋಡಿಸಿಕೊಂಡಿರುವ ಎಚೆವೇರಿಯವು ಮುಖ್ಯವಾಗಿ ಮೆಕ್ಸಿಕೋ ದೇಶದ್ದು. ಇಂಥ ಕೋಮಲ ಜಾತಿಗಳು ಹೆಪ್ಪುಗಟ್ಟುವ ಚಳಿಯನ್ನು ತಾಳಲಾರವು. ಎಲೆಯೊಳಗಿನ ನೀರು ಮಂಜುಗಡ್ಡೆಯಾದರೆ ಜೀವಕೋಶಗಳು ನಾಶವಾಗಿ ಎಲೆಯು ಬೆಂದಂತೆ ಮೆತ್ತಗಾಗುವುದು. ಆದಕಾರಣ ಅಕ್ಟೋಬರಿನಲ್ಲಿ, ಮಂಜುಗಟ್ಟುವ ರಾತ್ರಿಗಳು ಬರುವ ಮುನ್ನವೇ, ಅವುಗಳನ್ನು ಮನೆಯೊಳಕ್ಕೆ ತರಬೇಕು. ತರುವಾಗ ಒಣಗಿದ ಎಲೆಗಳನ್ನು ತೆಗೆದು, ಎಲೆಯ ಸಂದುಗಳಲ್ಲಿ ಬಿಳಿಯ ಹಿಟ್ಟುತಿಗಣೆ ಸೇರಿದೆಯೇ ಎಂದು ಪರೀಕ್ಷಿಸತಕ್ಕದ್ದು.

ಒಳಗೆ ತಂದ ಮೇಲೆ ಚಳಿಗಿಂತಲೂ ಹೆಚ್ಚಿನ ಶತ್ರು ನೀರು. ಡಿಸೆಂಬರಿನಲ್ಲಿ ಲಂಡನ್ನಿನ ಹಗಲು 8 ಗಂಟೆಗಿಂತಲೂ ಕಡಿಮೆ. ಬೆಳಕಿಲ್ಲದೆ ಗಿಡವು ಆಹಾರವನ್ನು ಸಿದ್ಧಪಡಿಸದು, ಆಹಾರವಿಲ್ಲದೆ ಬೆಳೆಯದು, ಬೆಳೆಯದ ಗಿಡವು ನೀರನ್ನು ಹೀರದು. ನಿಂತ ನೀರಿನಲ್ಲಿ ಬೇರು ಕೊಳೆಯುವುದು. ಕೋಣೆಯು ಬೆಚ್ಚಗೂ ಇದ್ದರೆ, ಗಿಡವು ಬೆಳಕನ್ನರಸಿ ಬಿಳಿಚಿಕೊಂಡು ಉದ್ದುದ್ದವಾಗಿ ಎಳೆಯುವುದು. ಆದುದರಿಂದ ದಕ್ಷಿಣದ ಕಿಟಕಿಯ ಬಳಿ, ಸುಮಾರು 10 ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿ, ಅದನ್ನು ವಿಶ್ರಮಿಸಲು ಬಿಡುವುದೇ ಮೇಲು. ರಾತ್ರಿ ಎಲೆಗಳು ಗಾಜಿಗೆ ತಗಲಬಾರದು. ತಿಂಗಳಿಗೊಮ್ಮೆ, ಮಣ್ಣು ಪೂರ್ಣವಾಗಿ ಒಣಗಿದ್ದರೆ ಮಾತ್ರ, ಸ್ವಲ್ಪ ನೀರು ಕೊಟ್ಟರೆ ಸಾಕು. ಗೊಬ್ಬರವು ಬೇಡವೇ ಬೇಡ. ಕೆನರಿ ದ್ವೀಪಗಳ ಏಯೋನಿಯಮಿನಂತೆ ಚಳಿಗಾಲದಲ್ಲಿಯೇ ಬೆಳೆಯುವ ಜಾತಿಗಳಿಗೆ ಮಾತ್ರ ಇದಕ್ಕಿಂತ ಸ್ವಲ್ಪ ಹೆಚ್ಚು ನೀರು ಬೇಕು.

ಇಷ್ಟು ಸ್ವಲ್ಪ ನೀರಿನಲ್ಲಿ ಗಿಡವು ಬದುಕುವುದೆಂತು? ಇದರ ಗುಟ್ಟಿನ ಸುಳಿವೊಂದು ಇಂಡಿಯಾ ದೇಶದಲ್ಲಿಯೇ ದೊರೆಯಿತು. ಮೊರಾವಿಯನ್ ಮಿಶನರಿಯಾಗಿ ಬಂದು, ಕೆಲಕಾಲ ಬೆಂಗಳೂರಿನ ಲಾಲ್‌ಬಾಗ್ ತೋಟವನ್ನು ನೋಡಿಕೊಂಡ ಬೆಂಜಮಿನ್ ಹೈನ್ ಎಂಬ ಸಸ್ಯಶಾಸ್ತ್ರಜ್ಞರು, ಕಾಡುಬಸಳೆಯ ಎಲೆಯು ಬೆಳಿಗ್ಗೆ ಹುಳಿಯಾಗಿಯೂ ಮಧ್ಯಾಹ್ನ ರುಚಿಯಿಲ್ಲದೆಯೂ ಇರುವುದನ್ನು ಗಮನಿಸಿ, 1813ರಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಗೆ ತಿಳಿಸಿದರು. ಇಂಥ ಗಿಡಗಳು ಹಗಲಿನ ಬಿಸಿಲಿನಲ್ಲಿ ನೀರು ನಷ್ಟವಾಗದಂತೆ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯಲ್ಲಿ ತೆರೆಯುವುವು; ಆಗ ಒಳಸೇರಿದ ಇಂಗಾಲಾಮ್ಲವಾಯುವನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲಿನ ಬೆಳಕಿನಲ್ಲಿ ಆಹಾರವನ್ನಾಗಿ ಮಾಡಿಕೊಳ್ಳುವುವು ಎಂದು ಮುಂದೆ ತಿಳಿದುಬಂದಿತು. ಇಷ್ಟು ಮಿತವ್ಯಯದ ಗಿಡಕ್ಕೆ ನಾವು ದಿನವೂ ನೀರೆರೆದುದು ಉಪಕಾರವೆಂಬ ಹೆಸರಿನ ಅಪಕಾರವೇ ಸರಿ.

ವಸಂತದಲ್ಲಿ ನೀರನ್ನು ಕ್ರಮೇಣ ಹೆಚ್ಚಿಸಿ, ಮೇ ತಿಂಗಳ ಕೊನೆಗೆ ಗಿಡಗಳನ್ನು ಹೊರಗಿಡಬಹುದು. ಮೊದಲ ಹತ್ತು ದಿವಸ ನೆರಳಿನಲ್ಲಿಟ್ಟು ಅಭ್ಯಾಸ ಮಾಡಿಸದಿದ್ದರೆ ಎಲೆಗಳು ಬಿಸಿಲಿಗೆ ಸುಟ್ಟುಹೋಗುವುವು.

ನಮ್ಮ ಗಿಡದಲ್ಲಿ ಕೊಳೆಯದ ಕೊಂಬೆಯೊಂದು ಉಳಿದಿತ್ತು. ಅದನ್ನು ಕತ್ತರಿಸಿ, ಗಾಯವು ಒಣಗುವ ತನಕ ಒಂದು ವಾರ ಬಿಟ್ಟು, ಮರಳು ಬೆರೆತ ಮಣ್ಣಿನಲ್ಲಿ ನೆಟ್ಟೆವು. ಅದು ಬೇರುಬಿಟ್ಟು, ಮರುವರ್ಷದ ಚಳಿಗಾಲವನ್ನು ನಮ್ಮ ಅತಿಯಾದ ಆರೈಕೆಯಿಲ್ಲದೆ ಸುಖವಾಗಿ ಕಳೆಯಿತು. ಆ ವೃದ್ಧೆಗೆ ನಡೆದ ಸಂಗತಿಯನ್ನೆಲ್ಲ ಬರೆದು ತಿಳಿಸುವ ಧೈರ್ಯವು ನಮಗೆ ಬಂದುದು ಆ ಮೇಲೆಯೇ.