ಪರನಾಡಿನಲ್ಲಿ ಹಬ್ಬ: ಜಪಾನಿನ ಕ್ರಿಸ್ಮಸ್

ಮಾನವನು ಸ್ವಭಾವತಃ ಉತ್ಸವಪ್ರಿಯನು. ಆದರೆ ದೀಪ, ತೋರಣ, ಭಕ್ಷ್ಯಗಳಿಂದ ಮಾತ್ರವೇ ಹಬ್ಬವಾಗುವುದಿಲ್ಲ. ಆಚರಣೆಯ ಹಿಂದಿರುವ ಭಾವ, ಜೊತೆಗೂಡಿ ಆಚರಿಸುವ ಜನ, ಇವೆರಡೂ ಹೊರಗಿನ ಅಲಂಕಾರದೊಡನೆ ಸೇರಿದಾಗಲೇ ಅದು ಹಬ್ಬವೆನಿಸುತ್ತದೆ. ಸ್ವಂತ ಊರಿನಲ್ಲಿರುವವನಿಗೆ ಈ ಮೂರೂ ಒಟ್ಟಿಗೇ ದೊರೆಯುವುದರಿಂದ ಅವುಗಳ ಭೇದವು ಅವನ ಅರಿವಿಗೆ ಬರುವುದಿಲ್ಲ. ಪರನಾಡಿನಲ್ಲಿ ನೆಲಸಿದವನಿಗಾದರೋ ಅದು ಮೊದಲ ವರ್ಷವೇ ತಿಳಿಯುತ್ತದೆ. ಕ್ರೈಸ್ತ ದೇಶಗಳಿಂದ ಜಪಾನಿಗೆ ಹೋಗಿ ನೆಲಸಿದವರು ಡಿಸೆಂಬರ್ ತಿಂಗಳಿನಲ್ಲಿ ಪಡೆಯುವ ಅನುಭವವು ಇದಕ್ಕೆ ಒಳ್ಳೆಯ ನಿದರ್ಶನ.

ಜಪಾನಿನ ಜನಸಂಖ್ಯೆಯಲ್ಲಿ ಕ್ರೈಸ್ತರ ಪ್ರಮಾಣವು ಸುಮಾರು ನೂರಕ್ಕೆ ಒಂದು ಮಾತ್ರ. ಆದರೂ ನವೆಂಬರ್ ತಿಂಗಳು ಮುಗಿಯುವ ಮೊದಲೇ ಟೋಕಿಯೋ, ಓಸಾಕಾ ಮೊದಲಾದ ನಗರಗಳ ಬೀದಿಗಳು ವಿದ್ಯುದ್ದೀಪಗಳಿಂದ ಜಗಜಗಿಸತೊಡಗುತ್ತವೆ. ಅಂಗಡಿಗಳಲ್ಲಿ ಕ್ರಿಸ್ಮಸ್ ಗೀತೆಗಳು ಕೇಳಿಬರುತ್ತವೆ. ಕೆಂಪು ಉಡುಪಿನ ಸಾಂತಾಕ್ಲಾಸನ ಗೊಂಬೆಗಳು ಬಾಗಿಲಲ್ಲಿ ನಿಲ್ಲುತ್ತವೆ. ಇಷ್ಟಾದರೂ ಡಿಸೆಂಬರ್ 25 ಅಲ್ಲಿ ರಜಾದಿನವಲ್ಲ. ಕಚೇರಿ, ಅಂಚೆ, ಬ್ಯಾಂಕು, ಕಾರ್ಖಾನೆಗಳು ಎಂದಿನಂತೆ ನಡೆಯುತ್ತವೆ. ಹೊರಗೆ ಹಬ್ಬದ ಬೆಳಕು, ಒಳಗೆ ಕೆಲಸದ ದಿನ: ಈ ವೈಚಿತ್ರ್ಯವು ಹೊಸದಾಗಿ ಬಂದವನನ್ನು ಬೆರಗುಗೊಳಿಸುತ್ತದೆ.

ಈ ವೈಚಿತ್ರ್ಯಕ್ಕೆ ದೀರ್ಘವಾದ ಚರಿತ್ರೆಯುಂಟು. ಫ್ರಾನ್ಸಿಸ್ ಕ್ಸೇವಿಯರನು 1549ರಲ್ಲಿ ಕಾಗೋಶಿಮಾ ಎಂಬಲ್ಲಿ ಬಂದಿಳಿದು ಕ್ರೈಸ್ತಧರ್ಮವನ್ನು ಬೋಧಿಸತೊಡಗಿದನು. ಆ ದೇಶದ ಮೊದಲ ಕ್ರಿಸ್ಮಸ್ ಪೂಜೆಯು 1552ರಲ್ಲಿ ಯಾಮಾಗುಚಿಯಲ್ಲಿ ನಡೆಯಿತೆಂದು ಹೇಳುತ್ತಾರೆ. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. 1597ರಲ್ಲಿ ನಾಗಸಾಕಿಯಲ್ಲಿ 26 ಮಂದಿ ಕ್ರೈಸ್ತರನ್ನು ಶಿಲುಬೆಗೇರಿಸಲಾಯಿತು. 1614ರಲ್ಲಿ ದೇಶದಾದ್ಯಂತ ಆ ಮತವನ್ನು ನಿಷೇಧಿಸಲಾಯಿತು. ಅಲ್ಲಿಂದ ಮುಂದೆ ಸುಮಾರು ಎರಡೂವರೆ ಶತಮಾನಗಳ ಕಾಲ ನಾಗಸಾಕಿಯ ಸುತ್ತಣ ಹಳ್ಳಿಗಳ ಹಾಗೂ ದ್ವೀಪಗಳ ಬಡ ರೈತರು, ಬೆಸ್ತರು ತಮ್ಮ ನಂಬಿಕೆಯನ್ನು ಗುಟ್ಟಾಗಿ ಕಾಪಾಡಿಕೊಂಡರು. ಅವರಿಗೆ ದೇವಾಲಯವಿರಲಿಲ್ಲ, ಪುರೋಹಿತರಿರಲಿಲ್ಲ, ಬಹಿರಂಗವಾದ ಯಾವ ಚಿಹ್ನೆಯೂ ಇರಲಿಲ್ಲ. ಅವಲೋಕಿತೇಶ್ವರನೇ ಜಪಾನಿನಲ್ಲಿ ಕಾನ್ನೊನ್ ಎಂಬ ಕರುಣಾಮೂರ್ತಿಯಾಗಿರುವನಷ್ಟೆ. ಆ ವಿಗ್ರಹದಲ್ಲಿಯೇ ಅವರು ಮೇರಿಮಾತೆಯನ್ನು ಕಂಡು ವಂದಿಸಿದರು. ಹಬ್ಬದ ದಿನಗಳ ಲೆಕ್ಕವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. 1865ರಲ್ಲಿ ನಾಗಸಾಕಿಯ ಓಉರಾ ಚರ್ಚಿಗೆ ಬಂದು, ಅಲ್ಲಿದ್ದ ಫ್ರೆಂಚ್ ಪಾದ್ರಿಯೊಡನೆ ತಮ್ಮ ನಂಬಿಕೆಯನ್ನು ಪಿಸುಮಾತಿನಲ್ಲಿ ತಿಳಿಸಿದಾಗಲೇ ಅವರು ಉಳಿದುಬಂದಿರುವ ಸಂಗತಿ ಜಗತ್ತಿಗೆ ಗೊತ್ತಾದದ್ದು. ನಿಷೇಧವು 1873ರಲ್ಲಿ ತೊಲಗಿತು. ಅವರ ಬಾಳಿಗೆ ಸಾಕ್ಷಿಯಾದ ನೆಲೆಗಳು 2018ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಒಂದು ಕಾಲದಲ್ಲಿ ಅಲಂಕಾರವೇ ಇಲ್ಲದೆ ಭಾವದಿಂದ ಮಾತ್ರ ಬದುಕಿದ ಹಬ್ಬವು ಅದೇ ದೇಶದಲ್ಲಿ ಮುಂದೆ ಭಾವಕ್ಕಿಂತ ಅಲಂಕಾರದಿಂದ ಬೆಳೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಟೋಕಿಯೋದ ಗಿಂಜಾ ಬೀದಿಯ ದೊಡ್ಡ ಅಂಗಡಿಗಳು ಕ್ರಿಸ್ಮಸ್ ಶೃಂಗಾರವನ್ನು ರೂಢಿಗೆ ತಂದವು. ತೈಶೋ ಚಕ್ರವರ್ತಿಯು 1926ನೆಯ ಡಿಸೆಂಬರ್ 25ರಂದೇ ನಿಧನ ಹೊಂದಿದುದರಿಂದ, 1927ರಿಂದ 1947ರವರೆಗೆ ಆ ದಿನವು ಅವನ ಸ್ಮರಣೆಯ ರಜೆಯಾಗಿತ್ತು. ಕ್ರಿಸ್ತಜಯಂತಿಗೂ ಆ ರಜೆಗೂ ಸಂಬಂಧವಿರಲಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಬಿಳಿಯ ಕೆನೆ, ಕೆಂಪು ಸ್ಟ್ರಾಬೆರಿ ಹಣ್ಣುಗಳಿಂದ ಅಲಂಕರಿಸಿದ ಕೇಕು ಆ ದಿನದ ಮನೆಮನೆಯ ಸಿಹಿಯಾಯಿತು. 1974ರಲ್ಲಿ ಕೆಂಟಕಿ ಎಂಬ ಅಮೆರಿಕದ ಉಪಾಹಾರ ಸಂಸ್ಥೆಯು ಕ್ರಿಸ್ಮಸ್ಸಿಗೆ ತನ್ನ ಕರಿದ ಕೋಳಿಯೇ ತಕ್ಕ ಊಟವೆಂದು ದೇಶದಾದ್ಯಂತ ಪ್ರಚಾರ ಮಾಡಿತು. ಜನರು ಅದನ್ನು ಎಷ್ಟರಮಟ್ಟಿಗೆ ಒಪ್ಪಿದರೆಂದರೆ ಇಂದಿಗೂ ವಾರಗಳ ಮೊದಲೇ ಹೇಳಿಟ್ಟು, ಆ ಸಂಜೆ ಸಾಲಿನಲ್ಲಿ ನಿಂತು ಕೊಂಡೊಯ್ಯುತ್ತಾರೆ. ಪಾಶ್ಚಾತ್ಯರಿಗೆ ಕುಟುಂಬವೆಲ್ಲ ಒಂದೆಡೆ ಸೇರುವ ದಿನವು ಜಪಾನಿನಲ್ಲಿ ಮಕ್ಕಳಿಗೆ ಉಡುಗೊರೆಯ ದಿನವೂ ತರುಣ ಪ್ರೇಮಿಗಳಿಗೆ ವಿಹಾರದ ದಿನವೂ ಆಗಿ ಪರಿಣಮಿಸಿದೆ.

ಪರದೇಶಿಯ ಒಂಟಿತನಕ್ಕೆ ಕಾರಣವು ಇಲ್ಲಿಯೇ ಇದೆ. ಜಪಾನ್ ಸರ್ಕಾರವು 1987ರಲ್ಲಿ ಆರಂಭಿಸಿದ ಯೋಜನೆಯಂತೆ ಹೊರದೇಶಗಳ ಅನೇಕ ತರುಣ ತರುಣಿಯರು ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಬರುತ್ತಾರೆ. ಎಷ್ಟೋ ಮಂದಿಗೆ ದೊರೆಯುವುದು ಸಣ್ಣ ಊರುಗಳೇ. ಬಹುತೇಕ ಶಾಲೆಗಳ ಎರಡನೆಯ ಅವಧಿಯು ಡಿಸೆಂಬರ್ 24, 25ರ ಸುಮಾರಿಗೆ ಮುಗಿಯುವುದರಿಂದ, ಹುಟ್ಟೂರಿನಲ್ಲಿ ತಾಯಿತಂದೆಗಳ ಬಳಿ ಇರಬೇಕಾದ ದಿನ ಅವರು ಪಾಠದ ಕೋಣೆಯಲ್ಲಿಯೋ ಅಧ್ಯಾಪಕರ ಕೊಠಡಿಯಲ್ಲಿಯೋ ಇರುತ್ತಾರೆ. ಸಂಜೆ ನಾಲ್ಕೂವರೆಗೇ ಟೋಕಿಯೋದಲ್ಲಿ ಕತ್ತಲಾವರಿಸುತ್ತದೆ. ಬೀದಿಯಲ್ಲಿ ಪರಿಚಿತವಾದ ಹಾಡು ಕೇಳುತ್ತದೆ. ಹಾಡಿನ ಅರ್ಥವನ್ನು ಹಂಚಿಕೊಳ್ಳುವವರು ಪಕ್ಕದಲ್ಲಿರುವುದಿಲ್ಲ. ಹಬ್ಬವೇ ಇಲ್ಲದ ಊರಿನಲ್ಲಿ ಮರೆತಿರಬಹುದಾದ ಕೊರಗು, ಹಬ್ಬದ ವೇಷವಿರುವ ಊರಿನಲ್ಲಿ ಇಮ್ಮಡಿಯಾಗುತ್ತದೆ.

ಇದಕ್ಕೆ ಋತುಧರ್ಮವೂ ಸೇರಿಕೊಳ್ಳುತ್ತದೆ. ಚಳಿಗಾಲದಲ್ಲಿ ಸೈಬೀರಿಯದ ಕಡೆಯಿಂದ ಬೀಸುವ ಶೀತಮಾರುತವು ಜಪಾನ್ ಸಮುದ್ರದ ಮೇಲೆ ಹಾಯುವಾಗ ತೇವವನ್ನು ಹೀರಿ, ನಡುವಣ ಪರ್ವತಗಳಿಗೆ ತಾಗಿ, ಪಶ್ಚಿಮದ ತೀರದಲ್ಲಿ ಆಳೆತ್ತರದ ಹಿಮವನ್ನು ಸುರಿಸುತ್ತದೆ. ಪರ್ವತವನ್ನು ದಾಟಿದ ಗಾಳಿಯು ಒಣಗಿರುವುದರಿಂದ ಪೂರ್ವದ ಟೋಕಿಯೋದಲ್ಲಿ ಆಕಾಶವು ತಿಳಿಯಾಗಿರುತ್ತದೆ, ಚಳಿ ಮಾತ್ರ ಕೊರೆಯುತ್ತದೆ. ಡಿಸೆಂಬರಿನಲ್ಲಿ ಅಲ್ಲಿನ ಸರಾಸರಿ ಉಷ್ಣಾಂಶ ಸುಮಾರು 8 ಡಿಗ್ರಿ. ಹೀಗಾಗಿ ಮನೆಯಲ್ಲಿ ಹಬ್ಬವಿಲ್ಲದವರು ದಕ್ಷಿಣದ ಬಿಸಿಲನ್ನು ಕನಸುತ್ತಾರೆ. ಥೈಲೆಂಡ್, ಬಾಲಿ, ಫಿಲಿಪ್ಪೀನ್ಸ್, ಗುವಾಮ್‌ಗಳಿಗೆ ವಿಮಾನದ ಟಿಕೆಟು ಕೊಂಡು, ರಜೆಯ ಆರಂಭಕ್ಕಾಗಿ ದಿನ ಎಣಿಸುತ್ತಾರೆ. ಜಪಾನೀಯರಿಗೂ ಈ ಆಸೆ ಹೊಸತಲ್ಲ. 1964ರಲ್ಲಿ ವಿಹಾರಕ್ಕಾಗಿ ಹೊರದೇಶಕ್ಕೆ ಹೋಗುವ ಸ್ವಾತಂತ್ರ್ಯ ದೊರೆತ ಮೇಲೆ ಹವಾಯಿ, ಗುವಾಮ್‌ಗಳು ಅವರಿಗೂ ಅಚ್ಚುಮೆಚ್ಚಾದವು.

ಗುವಾಮ್ ದ್ವೀಪವು ಟೋಕಿಯೋದಿಂದ ದಕ್ಷಿಣಕ್ಕೆ ಸುಮಾರು 2500 ಕಿಲೋಮೀಟರು ದೂರದಲ್ಲಿದೆ. ಅಲ್ಲಿಗೆ ವಿಮಾನದಲ್ಲಿ ನಾಲ್ಕು ಗಂಟೆಗಳೊಳಗಿನ ಪ್ರಯಾಣ. ಅದು ಹೆಚ್ಚು ಕಡಮೆ ತುಮಕೂರಿನ ಅಕ್ಷಾಂಶದಲ್ಲಿಯೇ ಇರುವುದೆಂದರೆ ಕನ್ನಡಿಗರಿಗೆ ಅಲ್ಲಿನ ಸೂರ್ಯನು ಅಪರಿಚಿತನಲ್ಲ. ಡಿಸೆಂಬರಿನಲ್ಲಿಯೂ ಅಲ್ಲಿ 27 ಡಿಗ್ರಿಯ ಸುಮಾರಿನ ಬೆಚ್ಚನೆಯ ಹವೆ, ತೆಂಗಿನ ಮರಗಳ ನೆರಳು. ಸ್ಪೇನಿನವರ ಆಳ್ವಿಕೆಯ ಕಾಲದಿಂದ ಅಲ್ಲಿನ ಚಮೋರೋ ಜನರು ಕ್ರೈಸ್ತರು. ಕ್ರಿಸ್ಮಸ್ಸಿಗೆ ಮುಂಚಿನ ಒಂಬತ್ತು ದಿನ ಪ್ರಾರ್ಥನೆ ಮಾಡುತ್ತಾರೆ. ಗಡ್ಡೆಯನ್ನು ತುರಿದು ಎಣ್ಣೆಯಲ್ಲಿ ಕರಿದ ಸಿಹಿಭಕ್ಷ್ಯವನ್ನು ಹಂಚುತ್ತಾರೆ. ಚಳಿಯಿಂದ ಓಡಿಬಂದ ಪ್ರವಾಸಿಗೆ ಹಿಮವಿಲ್ಲದ ಆ ದ್ವೀಪದಲ್ಲಿ ಹಬ್ಬವು ಮತ್ತೆ ಎದುರಾಗುತ್ತದೆ. ಅವನು ಬಯಸಿದ್ದ ಬೆಚ್ಚನೆಯು ಹವೆಯದು ಮಾತ್ರವಲ್ಲ, ಜನರದೂ ಎಂಬುದು ಆಗ ಅವನಿಗೆ ತಿಳಿದೀತು.

ಹಾಗಾದರೆ ಜಪಾನಿನಲ್ಲಿ ಜನರ ಬೆಚ್ಚನೆ ಇಲ್ಲವೇ? ಇದೆ, ಆದರೆ ಅದು ಒಂದು ವಾರ ತಡವಾಗಿ ಬರುತ್ತದೆ. ಡಿಸೆಂಬರ್ 25 ಕಳೆದೊಡನೆಯೇ ಅಂಗಡಿಗಳ ಕ್ರಿಸ್ಮಸ್ ವೃಕ್ಷಗಳು ಮಾಯವಾಗಿ, ಪೈನ್ ಹಾಗೂ ಬಿದಿರಿನ ಮಂಗಳಸೂಚಕ ಅಲಂಕಾರಗಳು ಬಾಗಿಲ ಬಳಿ ಕಾಣಿಸಿಕೊಳ್ಳುತ್ತವೆ. ಹೊಸ ವರ್ಷವೇ ಜಪಾನೀಯರ ಮನೆಯ ಹಬ್ಬ. ನಗರಗಳಲ್ಲಿ ದುಡಿಯುವವರು ಹುಟ್ಟೂರಿಗೆ ಮರಳುತ್ತಾರೆ. ಮನೆ ಮೂಲೆಮೂಲೆಯೂ ಶುಚಿಯಾಗುತ್ತದೆ. ವರ್ಷದ ಕೊನೆಯ ರಾತ್ರಿ ದೀರ್ಘಾಯುಷ್ಯದ ಸಂಕೇತವಾಗಿ ಉದ್ದನೆಯ ಶಾವಿಗೆಯನ್ನು ಉಣ್ಣುತ್ತಾರೆ. ನಡುರಾತ್ರಿಯ ಹೊತ್ತಿಗೆ ಬೌದ್ಧ ದೇವಾಲಯಗಳಲ್ಲಿ ಗಂಟೆಯನ್ನು 108 ಸಲ ಬಾರಿಸುತ್ತಾರೆ. ಭಾರತದ ಶಾಸ್ತ್ರಗಳು ಕ್ಲೇಶಗಳೆಂದು ಕರೆದ ಮನೋಮಲಗಳು 108 ಎಂದು ಎಣಿಸಿ, ಒಂದೊಂದು ನಾದಕ್ಕೂ ಒಂದೊಂದು ಕಳೆಯಲೆಂಬುದು ಅದರ ಆಶಯ. ಮರುದಿನ ಬಂಧುಮಿತ್ರರ ಶುಭಾಶಯ ಪತ್ರಗಳು ಬರುತ್ತವೆ; ಮಕ್ಕಳಿಗೆ ಹಿರಿಯರು ಸಣ್ಣ ಲಕೋಟೆಗಳಲ್ಲಿ ಹಣ ಕೊಡುತ್ತಾರೆ.

ದಕ್ಷಿಣದ ಬಿಸಿಲನ್ನು ಅರಸಿ ಹೋಗುವುದು ತಪ್ಪಲ್ಲ. ದಣಿದ ಮನಸ್ಸಿಗೆ ಅದು ಹಿತವೇ. ಆದರೆ ತನ್ನ ಹಬ್ಬವನ್ನು ನೆರೆಯವನ ಮನೆಯಲ್ಲಿ ಹುಡುಕುವವನಿಗೆ ಅಲಂಕಾರ ಮಾತ್ರ ಸಿಕ್ಕುತ್ತದೆ. ನೆರೆಯವನ ಹಬ್ಬಕ್ಕೆ ಅತಿಥಿಯಾಗಿ ಹೋಗಿ, ಅವನ ಪಂಕ್ತಿಯಲ್ಲಿ ಕುಳಿತು, ಅವನ ಗಂಟೆಯ ನಾದಕ್ಕೆ ಕಿವಿಗೊಡುವವನಿಗೆ ಮನೆಯೇ ಸಿಕ್ಕುತ್ತದೆ. ಡಿಸೆಂಬರ್ 25ರ ಸಂಜೆ ಒಂಟಿಯಾಗಿದ್ದ ಪರದೇಶಿಯು ಸಹೋದ್ಯೋಗಿಯೊಬ್ಬರ ಕರೆಗೆ ಓಗೊಟ್ಟು 31ರ ರಾತ್ರಿ ಅವರ ಮನೆಯ ಚಾಪೆಯ ಮೇಲೆ ಕುಳಿತನೆಂದರೆ, ಅವನು ಪರದೇಶಿಯಾಗಿ ಉಳಿಯುವುದಿಲ್ಲ.